ಕೈಯಲ್ಲಿ ಕಾಸಿಲ್ಲದೆ ಜಮೀನು ವ್ಯಾಪಾರಕ್ಕೆ ಇಳಿಯುವ ಹುಡುಗರಿಗೆ

ಸಂಪಾದಕರಿಗೆ ನಮಸ್ಕಾರ.

ನಮ್ಮ ತಾಲ್ಲೂಕಿನ ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರಿಗೆ ಟೇಬಲ್ ಹಾಕಿಕೊಂಡು ಪತ್ರ ಬರೆಯುವುದು ನನ್ನ ಕಸುಬು. ಕ್ರಯ, ಕರಾರು, ದಾನ, ಪಾಲು, ಏನೇ ಇದ್ದರೂ ಬರೆದುಕೊಡುತ್ತೇನೆ. ಈಚೆಗೆ ನನ್ನ ಹತ್ತಿರ ಹೊಸ ತರಹದ ಹುಡುಗರು ಬರುತ್ತಿದ್ದಾರೆ. ಡಿಗ್ರಿ ಮುಗಿಸಿ ಕೆಲಸ ಸಿಗದವರು, ಡೆಲಿವರಿ ಕೆಲಸ ಸಾಕಾಗಿ ಬಿಟ್ಟವರು, ಇನ್ನೂ ಕಾಲೇಜಲ್ಲೇ ಇರುವವರು. ಫೋನಲ್ಲಿ ಯಾವುದೋ ಕ್ಲಾಸ್ ನೋಡಿರುತ್ತಾರೆ, ಕೆಲವರು ಅದಕ್ಕೆ ದುಡ್ಡೂ ಕಟ್ಟಿರುತ್ತಾರೆ. ಬಂದವರು ಕೇಳುವುದು ಒಂದೇ: ‘ಸರ್, ಹೋಲ್‌ಸೇಲಿಂಗ್ ಶುರು ಮಾಡ್ತಾ ಇದ್ದೀನಿ, ಒಂದು ಅಗ್ರಿಮೆಂಟ್ ರೆಡಿ ಮಾಡಿಕೊಡಿ.’ ಆಸ್ತಿಯನ್ನು ತಾನು ಕೊಳ್ಳದೆ, ಕೊಳ್ಳುವ ಕರಾರನ್ನೇ ಇನ್ನೊಬ್ಬರಿಗೆ ದಾಟಿಸಿ ಲಾಭ ಮಾಡುವುದಕ್ಕೆ ಈ ಹೆಸರು.

ಬೇಡ ಅನ್ನುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ದುಡಿಯೋಣ ಅಂತ ಹೊರಟವರನ್ನು ತಡೆಯೋಕೆ ನಾನ್ಯಾರು? ಆದರೆ ಈ ವ್ಯಾಪಾರದಲ್ಲಿ ನಿಮ್ಮ ಕೈಗೆ ಬರುವ ಮಾಲು ಒಂದು ಕಾಗದ ಮಾತ್ರ. ಆ ಕಾಗದ ಓದೋಕೆ ಬರದೆ ಇಳಿದವರು ತಾವೂ ಮುಳುಗುತ್ತಾರೆ, ಜೊತೆಗೆ ಒಬ್ಬ ಮಾಲೀಕನನ್ನೂ ಒಬ್ಬ ಖರೀದಿದಾರನನ್ನೂ ಎಳೆದುಕೊಂಡು ಹೋಗುತ್ತಾರೆ. ಅದನ್ನು ಬಿಡಿಸಿ ಹೇಳಬೇಕಿತ್ತು.

ಮೊದಲಿಗೆ ಇದು ಬಂದಿದ್ದು ಎಲ್ಲಿಂದ ಅಂತ ನೋಡಿ. ಅಮೆರಿಕದಲ್ಲಿ ಇದು ದೊಡ್ಡ ಕಸುಬು. ಸೂರು ಸೋರುವ, ರಿಪೇರಿಗೆ ಬಂದ, ಮಾಲೀಕನಿಗೆ ಬೇಗ ಮಾರಬೇಕಾಗಿರುವ ಮನೆ ಹುಡುಕುತ್ತಾರೆ. ರಿಪೇರಿ ಆದ ಮೇಲೆ ಅದಕ್ಕೆ ಎಷ್ಟು ಬೆಲೆ ಬರಬಹುದು ಅಂತ ಲೆಕ್ಕ ಹಾಕಿ, ಅದರ ಶೇ 70ರಲ್ಲಿ ರಿಪೇರಿ ಖರ್ಚು ಕಳೆದು, ಉಳಿದಿದ್ದಕ್ಕಿಂತ ಜಾಸ್ತಿ ಕೊಡಬಾರದು ಅನ್ನೋದು ಅವರ ಲೆಕ್ಕ. ಮಾಲೀಕನ ಜೊತೆ ಕರಾರು ಮಾಡಿಕೊಂಡು ಸ್ವಲ್ಪ ಮುಂಗಡ ಕೊಡುತ್ತಾರೆ. ಆಮೇಲೆ ಮನೆ ಕೊಳ್ಳದೆಯೇ, ಆ ಕರಾರಿನ ಹಕ್ಕನ್ನು ಇನ್ನೊಬ್ಬ ಹೂಡಿಕೆದಾರನಿಗೆ ವರ್ಗಾಯಿಸಿ ಮಧ್ಯದ ಹಣ ಇಟ್ಟುಕೊಳ್ಳುತ್ತಾರೆ. ಫೋನಲ್ಲಿ ಕಾಣುವುದು ಈ ಕಥೆ. ಕಾಣದೇ ಇರುವುದು ಎರಡು. ಒಂದು, ಅಲ್ಲಿ ಟೈಟಲ್ ಕಂಪನಿ ಅಂತ ಇರುತ್ತದೆ. ಅದು ಹಕ್ಕಿನ ಕಾಗದ ಜಾಲಾಡಿ, ನೋಡಿದ್ದಕ್ಕೆ ವಿಮೆಯನ್ನೂ ಕೊಡುತ್ತದೆ. ಇನ್ನೊಂದು, ಅಲ್ಲಿಯೂ ಈಗ ಹಗ್ಗ ಬಿಗಿಯಾಗುತ್ತಿದೆ. ಇಲಿನಾಯ್ ರಾಜ್ಯದಲ್ಲಿ 2019ರಿಂದ ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಇಂಥ ವ್ಯವಹಾರ ಮಾಡೋಕೆ ಲೈಸೆನ್ಸ್ ಬೇಕು. ಪೆನ್ಸಿಲ್ವೇನಿಯಾದಲ್ಲಿ 2025ರ ಜನವರಿಯಿಂದ ಲೈಸೆನ್ಸೂ ಬೇಕು, ಮಾಲೀಕನಿಗೆ ಕರಾರು ರದ್ದು ಮಾಡುವ ಹಕ್ಕನ್ನೂ ಕೊಟ್ಟಿದ್ದಾರೆ. ವಯಸ್ಸಾದವರು ಬೆಲೆ ಗೊತ್ತಿಲ್ಲದೆ ಮನೆ ಕಳೆದುಕೊಂಡರು ಅನ್ನೋ ದೂರುಗಳೂ ಇದರ ಹಿಂದೆ ಇವೆ. ಕ್ಲಾಸ್ ಹೇಳೋ ಮಹಾಶಯರು ಇದನ್ನು ಹೇಳುತ್ತಾರಾ? ನಾನಂತೂ ಕೇಳಿಲ್ಲ.

ಇನ್ನು ನಮ್ಮ ಕಡೆಗೆ ಬನ್ನಿ. ಹೆಸರು ಹೊಸದು, ಕೆಲಸ ಹಳೆಯದು. ‘ಅಗ್ರಿಮೆಂಟ್ ಮೇಲೆ ಮಾರೋದು’ ಅಂತ ದೇವನಹಳ್ಳಿ, ಹೊಸಕೋಟೆ, ಆನೇಕಲ್, ದೊಡ್ಡಬಳ್ಳಾಪುರದ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ವಿಮಾನ ನಿಲ್ದಾಣ ಬರುತ್ತೆ ಅನ್ನೋ ಸುದ್ದಿ ಇದ್ದ ಕಾಲದಿಂದಲೂ ನಡೆಯುತ್ತಿದೆ. ಎಕರೆಗೆ ಇಷ್ಟು ಅಂತ ಮಾತಾಡಿ, ಐದೋ ಹತ್ತೋ ಲಕ್ಷ ಮುಂಗಡ ಕೊಟ್ಟು, ಮೂರು ತಿಂಗಳು ಅವಧಿ ಬರೆಸಿಕೊಂಡು, ಅಷ್ಟರೊಳಗೆ ಪಾರ್ಟಿ, ಅಂದರೆ ಕೊಳ್ಳುವವನನ್ನು ಹುಡುಕಿ ಮೇಲಿನ ದುಡ್ಡು ತೆಗೆದುಕೊಳ್ಳುವುದು. ಕರಾರಿನಲ್ಲಿ ‘ಎರಡನೇ ಪಾರ್ಟಿಯವರಿಗೆ ಅಥವಾ ಅವರು ಸೂಚಿಸಿದವರ ಹೆಸರಿಗೆ ಶುದ್ಧ ಕ್ರಯಪತ್ರ ಮಾಡಿಕೊಡತಕ್ಕದ್ದು’ ಅಂತ ಒಂದು ಸಾಲು ಇರುತ್ತೆ. ವ್ಯಾಪಾರದ ಜೀವ ಇರುವುದು ಆ ಸಾಲಲ್ಲಿ. ಕೊನೆಗೆ ಮಾಲೀಕ ನೇರವಾಗಿ ಕೊಳ್ಳುವವನಿಗೇ ಕ್ರಯ ಮಾಡಿಕೊಡುತ್ತಾನೆ, ಕರಾರು ಹಾಕಿದವನು ಒಪ್ಪಿಗೆದಾರನಾಗಿ ಸಹಿ ಹಾಕುತ್ತಾನೆ. ಮಾಲೀಕ ಒಪ್ಪಿ ಹಾಗೆ ಬರೆದುಕೊಟ್ಟಿದ್ದರೆ ಇದರಲ್ಲಿ ಕಳ್ಳತನ ಏನೂ ಇಲ್ಲ. ಅದನ್ನೂ ಹೇಳಿಬಿಡುತ್ತೇನೆ.

ತೊಂದರೆ ಏನಪ್ಪಾ ಅಂದರೆ, ಹುಡುಗರು ಕರಾರು ಕೈಗೆ ಬಂದ ದಿನವೇ ಜಮೀನು ತಮ್ಮದಾಯಿತು ಅಂತ ತಿಳಿದುಕೊಳ್ಳುತ್ತಾರೆ. ಆಗಿರುವುದಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆ ಅಂತ 1882ರದ್ದು ಒಂದಿದೆ. ಅದರ 54ನೇ ಕಲಂ ಹೇಳೋ ಪ್ರಕಾರ, ಮಾರುತ್ತೇನೆ ಅನ್ನುವ ಕರಾರಿನಿಂದಲೇ ಆಸ್ತಿಯಲ್ಲಿ ಯಾವ ಹಕ್ಕೂ ಹುಟ್ಟುವುದಿಲ್ಲ. ಕ್ರಯ ಮಾಡಿಕೊಡು ಅಂತ ಕೇಳುವ ಹಕ್ಕು ಬರುತ್ತೆ, ಅಷ್ಟೇ. ಅವನು ಕೊಡಲ್ಲ ಅಂದರೆ ಮೂರು ವರ್ಷದೊಳಗೆ ಕೋರ್ಟಿಗೆ ಹೋಗಬೇಕು. ಹೋದರೆ ಬಾಕಿ ಹಣ ಕೊಡೋಕೆ ನೀನು ಮೊದಲಿನಿಂದಲೂ ತಯಾರಿದ್ದೆ ಅಂತ ತೋರಿಸಬೇಕು. ಜೇಬಲ್ಲಿ ದುಡ್ಡೇ ಇಲ್ಲದೆ ಪಾರ್ಟಿ ಸಿಕ್ಕಮೇಲೆ ನೋಡೋಣ ಅಂತ ಕರಾರು ಹಾಕಿದವನು ಅದನ್ನು ಹೇಗೆ ತೋರಿಸುತ್ತಾನೆ?

ಇನ್ನೊಂದು ವಿಷಯ. ಸ್ವಾಧೀನ ಕೊಡದ ಕರಾರನ್ನು ರಿಜಿಸ್ಟರ್ ಮಾಡಿಸಲೇಬೇಕು ಅಂತ ಇಲ್ಲ, ಅದಕ್ಕೇ ಬಹಳ ಜನ ಮಾಡಿಸುವುದಿಲ್ಲ. ಖರ್ಚು ಉಳಿಯಿತು ಅಂದುಕೊಳ್ಳುತ್ತಾರೆ. ರಿಜಿಸ್ಟರ್ ಆಗದ ಕರಾರು ಇಸಿಯಲ್ಲಿ, ಅಂದರೆ ಆ ಆಸ್ತಿಯ ಮೇಲೆ ರಿಜಿಸ್ಟರ್ ಆದ ವ್ಯವಹಾರಗಳ ಪಟ್ಟಿಯಲ್ಲಿ, ಕಾಣುವುದಿಲ್ಲ. ಅಂದರೆ ಅದೇ ಮಾಲೀಕ ನಿಮಗೂ ಬರೆದುಕೊಟ್ಟು, ಪಕ್ಕದ ಊರಿನವನಿಗೂ ಬರೆದುಕೊಟ್ಟು, ಮೂರನೆಯವನಿಗೆ ಸುಮ್ನೆ ಕ್ರಯ ಮಾಡಿಬಿಟ್ಟರೆ ನಿಮಗೆ ಗೊತ್ತಾಗೋದು ಎಲ್ಲ ಮುಗಿದ ಮೇಲೆ. ಸ್ವಾಧೀನ ಕೊಟ್ಟೆ ಅಂತ ಬರೆಸಿಕೊಂಡರೆ ಅದರ ಕಥೆಯೇ ಬೇರೆ. ಆಗ ರಿಜಿಸ್ಟರ್ ಕಡ್ಡಾಯ, ಸ್ಟ್ಯಾಂಪ್ ಡ್ಯೂಟಿ ಕ್ರಯಪತ್ರಕ್ಕೆ ಕಟ್ಟುವಷ್ಟೇ. ಸ್ಟ್ಯಾಂಪ್ ಕಡಿಮೆ ಹಾಕಿದ ಕಾಗದ ಕೋರ್ಟಿಗೆ ಹೋದರೆ ಕೊರತೆಯ ಹತ್ತು ಪಟ್ಟು ದಂಡ ಬೀಳುತ್ತೆ. ‘ಜಿಪಿಎ ಮಾಡಿಸಿಕೊಂಡರೆ ಆಯ್ತಲ್ಲ ಸರ್’ ಅನ್ನುವವರೂ ಇದ್ದಾರೆ. ಮಾಲೀಕನ ಪರವಾಗಿ ವ್ಯವಹಾರ ಮಾಡೋಕೆ ಅಧಿಕಾರ ಕೊಡುವ ಮುಕ್ತ್ಯಾರು ಪತ್ರ ಅದು. ಜಿಪಿಎ, ಕರಾರು, ಉಯಿಲು ಮೂರನ್ನೂ ಜೋಡಿಸಿ ಮಾರುವುದು ಮಾರಾಟವೇ ಅಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಯಾಗಿದೆ.

ಈಗ ಪಹಣಿ, ಅಂದರೆ ಜಮೀನು ಯಾರದು, ಎಷ್ಟು ಅಂತ ಹೇಳುವ ಕಂದಾಯ ದಾಖಲೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಹುಡುಗರು ಎಡವುವುದು ಇಲ್ಲೇ. ಪಹಣಿ ತಂದಿದ್ದೀಯಾ ಅಂದರೆ ಫೋನ್ ತೋರಿಸುತ್ತಾರೆ. ಮಾಲೀಕರ ಹೆಸರು, ಎಷ್ಟು ಎಕರೆ, ಇವೆರಡು ನೋಡಿ ಫೋನ್ ಜೇಬಿಗೆ ಹಾಕಿಕೊಳ್ಳುತ್ತಾರೆ. ಅಪ್ಪಾ, ವಿಸ್ತೀರ್ಣದ ಜಾಗದಲ್ಲಿ ಖರಾಬು ಅಂತ ಒಂದು ಇದೆ ನೋಡು. 2 ಎಕರೆ 10 ಗುಂಟೆ ಅಂತ ಮೇಲೆ ಇದ್ದು, ಅದರಲ್ಲಿ 8 ಗುಂಟೆ ‘ಬಿ’ ಖರಾಬು ಅಂತ ಇದ್ದರೆ, ಆ 8 ಗುಂಟೆ ಹಳ್ಳವೋ ದಾರಿಯೋ, ಯಾವುದೋ ಸಾರ್ವಜನಿಕ ಜಾಗ. ಮಾರೋಕೆ ಬರಲ್ಲ. ಎಕರೆಗೆ 80 ಲಕ್ಷ ಅಂದರೆ ಗುಂಟೆಗೆ 2 ಲಕ್ಷ. ಅಲ್ಲಿಗೆ 16 ಲಕ್ಷದ ಲೆಕ್ಕ ತಪ್ಪಿತು. ನಿನ್ನ ಲಾಭ ಇದ್ದಿದ್ದೇ ಅಷ್ಟು, ಅಲ್ವಾ?

ಆಮೇಲೆ 9ನೇ ಕಾಲಂ, ಮಾಲೀಕರ ಹೆಸರು. ಅಲ್ಲಿ ಮೂರು ಹೆಸರಿದ್ದು ಪಕ್ಕದಲ್ಲಿ ಜಂಟಿ ಅಂತ ಇದ್ದರೆ, ಅಣ್ಣ ಒಬ್ಬನ ಸಹಿಯಲ್ಲಿ ಆಗುವ ಕೆಲಸ ಅದಲ್ಲ. ಒಂದೇ ಹೆಸರಿದ್ದರೂ ನೆಮ್ಮದಿ ಪಡಬೇಡಿ. ಆ ಜಮೀನು ಅವನಿಗೆ ಹೇಗೆ ಬಂತು ಅಂತ 10ನೇ ಕಾಲಂನಲ್ಲಿ ಮ್ಯುಟೇಷನ್ (ಹಕ್ಕು ಬದಲಾವಣೆ) ನಂಬರ್ ಸಮೇತ ಇರುತ್ತೆ. ಕ್ರಯಕ್ಕೆ ತೆಗೆದುಕೊಂಡಿದ್ದೋ, ಪಿತ್ರಾರ್ಜಿತವೋ? ಪಿತ್ರಾರ್ಜಿತ ಅಂದರೆ ವಂಶವೃಕ್ಷ ಬೇಕು, ಅದರಲ್ಲಿ ಹೆಣ್ಣುಮಕ್ಕಳ ಹೆಸರೂ ಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಬಂದು ಮಗಳಿಗೂ ಮಗನಷ್ಟೇ ಹಕ್ಕು ಅಂತ ಆಗಿದೆ. ಆ ದಿನಕ್ಕೆ ತಂದೆ ಬದುಕಿರಲೇಬೇಕು ಅಂತ ಇಲ್ಲ ಅಂತಲೂ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಆದರೂ ನನ್ನ ಟೇಬಲ್ ಮುಂದೆ ಕೂತು ‘ಅಕ್ಕನ ಮದುವೆ ಆಗಿ ಇಪ್ಪತ್ತು ವರ್ಷ ಆಯ್ತು, ಅವಳದ್ಯಾಕೆ ಬೇಕು’ ಅನ್ನೋರು ಇದ್ದಾರೆ. ಬೇಕು ಸ್ವಾಮಿ. ಇಲ್ಲದಿದ್ದರೆ ಆ ಅಕ್ಕ ನಾಳೆ ಕೋರ್ಟಿಂದ ತಡೆಯಾಜ್ಞೆ ತರುತ್ತಾರೆ, ತರೋದರಲ್ಲಿ ತಪ್ಪೂ ಇಲ್ಲ.

11ನೇ ಕಾಲಂ ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಸೊಸೈಟಿ ಸಾಲ, ಬ್ಯಾಂಕ್ ಸಾಲ, ಕೋರ್ಟ್ ಕೇಸು, ಭೂಸ್ವಾಧೀನದ ನೋಟಿಫಿಕೇಷನ್, ಪಹಣಿಗೆ ಏರಿದ್ದರೆ ಎಲ್ಲ ಅಲ್ಲೇ ಕೂತಿರುತ್ತೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಸ್ವಾಧೀನಕ್ಕೆ ಹೊರಟು, ರೈತರು ಸಾವಿರಕ್ಕೂ ಜಾಸ್ತಿ ದಿನ ಧರಣಿ ಕೂತ ಮೇಲೆ 2025ರ ಜುಲೈಯಲ್ಲಿ ಸರ್ಕಾರ ಕೈಬಿಟ್ಟಿದ್ದು ನಿಮ್ಮ ಓದುಗರಿಗೆಲ್ಲ ಗೊತ್ತು. ಅಂಥ ನೋಟಿಫಿಕೇಷನ್ ಇರುವ ಜಾಗಕ್ಕೆ ಮೂರು ತಿಂಗಳ ಅವಧಿಯ ಕರಾರು ಹಾಕಿದರೆ ಯಾವ ಪಾರ್ಟಿ ಬರುತ್ತಾನೆ?

ಇದೆಲ್ಲಕ್ಕಿಂತ ದೊಡ್ಡ ಗುಂಡಿ ಅಂದರೆ ಗ್ರಾಂಟ್ ಜಮೀನು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಮಾಡುವ ಹಾಗಿಲ್ಲ. 1978ರ ಪಿಟಿಸಿಎಲ್ ಕಾಯ್ದೆ ಅದು. ಬಹಳ ಜನಕ್ಕೆ ಗೊತ್ತಿಲ್ಲದ್ದು ಏನೆಂದರೆ, ಆ ಕಾಯ್ದೆಯಲ್ಲಿ ಪರಭಾರೆ ಅಂದರೆ ಕ್ರಯ ಮಾತ್ರ ಅಲ್ಲ, ಕ್ರಯದ ಕರಾರೂ ಸೇರುತ್ತೆ. ಅಂದರೆ ನಿಮ್ಮ ಹೋಲ್‌ಸೇಲಿಂಗ್ ಅಗ್ರಿಮೆಂಟೇ ಊರ್ಜಿತ ಅಲ್ಲ. ತುಂಬಾ ಹಳೇದಾಯ್ತು, ಇನ್ನು ಯಾರು ಕೇಳ್ತಾರೆ ಅನ್ನೋ ಹಾಗೂ ಇಲ್ಲ, 2023ರ ತಿದ್ದುಪಡಿಯಲ್ಲಿ ಜಮೀನು ವಾಪಸ್ ಕೇಳೋದಕ್ಕೆ ಕಾಲಮಿತಿ ಇಲ್ಲ ಅಂತ ಮಾಡಿದ್ದಾರೆ. ಬಡವನ ಹೊಲ ಬಡವನಿಗೆ ಉಳಿಯಲಿ ಅಂತ ಇರುವ ಕಾನೂನು, ನನಗೆ ಅದರ ಮೇಲೆ ದೂರಿಲ್ಲ. ಕಡಿಮೆ ರೇಟಿಗೆ ಒಳ್ಳೇ ಮಾಲು ಸಿಕ್ತು ಅಂತ ಹುಡುಗರು ಕುಣಿಯುತ್ತಾ ತರುವ ಪಹಣಿಗಳಲ್ಲಿ ಇಂಥವು ಇದ್ದೇ ಇರುತ್ತವೆ. ರೇಟು ಕಡಿಮೆ ಇದೆ ಅಂದರೆ ಮೊದಲು ಯಾಕೆ ಅಂತ ಕೇಳಿ.

ಪಹಣಿಯ ಮಾತಾಯಿತು, ಇನ್ನು ಮನುಷ್ಯರ ಮಾತು.

ಪೇಟೆಯೊಳಗಿನ ಒಂದು ಹಳೇ ಮನೆ. 30-40ರ ಸೈಟು, ಹೆಂಚಿನ ಮನೆ. ಯಜಮಾನರಿಗೆ ವಯಸ್ಸಾಗಿದೆ, ಮಗಳ ಊರಿಗೆ ಹೋಗಿಬಿಡೋಣ ಅಂತ. ಒಬ್ಬ ಹುಡುಗ 48 ಲಕ್ಷಕ್ಕೆ ಮಾತಾಡಿ, 2 ಲಕ್ಷ ಕೊಟ್ಟು ಕರಾರು ಹಾಕಿಕೊಂಡ. ಚುರುಕಾದ ಹುಡುಗ, ಪಾರ್ಟಿಯನ್ನೂ ಬೇಗ ಹುಡುಕಿದ. 57 ಲಕ್ಷ. ಖರೀದಿದಾರ ಬ್ಯಾಂಕ್ ಸಾಲ ಮಾಡಿದವರು, ಹಾಗಾಗಿ ಪೂರ್ತಿ ಮೊತ್ತ ಕ್ರಯಪತ್ರದಲ್ಲಿ ಬರಲೇಬೇಕು. ರಿಜಿಸ್ಟ್ರೇಷನ್ ದಿನ ಎಲ್ಲರೂ ಬಂದು ಕೂತರು. ಯಜಮಾನರು ಕನ್ನಡಕ ಹಾಕಿಕೊಂಡು ಕರಡು ಪ್ರತಿ ಓದೋಕೆ ಶುರು ಮಾಡಿದರು. ಚೆಕ್ಕುಬಂದಿ ಓದಿದರು, ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಮನೆ. ಮೊತ್ತದ ಸಾಲಿಗೆ ಬೆರಳು ಬಂದು ನಿಂತಿತು. ‘ಏನಪ್ಪಾ, ನನಗೆ ಹೇಳಿದ್ದೊಂದು, ಇಲ್ಲಿರೋದೊಂದು?’ ಅಂದರು. ಹುಡುಗ ಏನೋ ಪ್ರಾಫಿಟ್, ಅಸೈನ್‌ಮೆಂಟ್ ಅಂತ ಹೇಳಿದ. ಅವರಿಗೆ ಕೇಳಿಸಿದ್ದು ಒಂದೇ, 9 ಲಕ್ಷ. ಬೆರಳಚ್ಚು ಕೊಡಲ್ಲ ಅಂತ ಎದ್ದು ಹೊರಗೆ ಹೋಗಿ ಬೇವಿನ ಮರದ ಕೆಳಗೆ ಕೂತುಬಿಟ್ಟರು. ಖರೀದಿದಾರರ ಹೆಂಡತಿ ಅಳುವುದು ಒಂದು ಕಡೆ, ಬ್ಯಾಂಕಿನವರು ಡಿಡಿ ಹಿಡಿದುಕೊಂಡು ಗಡಿಯಾರ ನೋಡುವುದು ಇನ್ನೊಂದು ಕಡೆ. ಸಂಜೆ ಆಗೋ ಹೊತ್ತಿಗೆ ಅರ್ಧಕ್ಕರ್ಧ ಅಂತ ಪಂಚಾಯ್ತಿ ಆಯಿತು. ಕೆಲಸ ಮುಗಿಯಿತು, ಆದರೆ ಆ ಹುಡುಗ ಆ ಬೀದಿಯಲ್ಲಿ ಇನ್ನೊಂದು ಮನೆ ಮಾತಾಡೋಕೆ ಆಗಲಿಲ್ಲ.

ಯಜಮಾನರದ್ದು ತಪ್ಪು ಅಂತ ಕಾನೂನು ಹೇಳಬಹುದು. ಕರಾರಿಗೆ ಸಹಿ ಹಾಕಿದ್ದರಲ್ಲ. ನಾನು ಹಾಗೆ ಹೇಳಲಾರೆ. ‘ನಾನು ಕೊಳ್ಳೋಕೆ ಬಂದಿಲ್ಲ, ಬೇರೆಯವರಿಗೆ ಕೊಡಿಸ್ತೀನಿ, 48ರ ಮೇಲೆ ಬಂದದ್ದು ನನ್ನದು’ ಅಂತ ಮೊದಲ ದಿನವೇ ಹೇಳಿ, ಅದನ್ನೇ ಕರಾರಿನಲ್ಲಿ ಬರೆಸಿದ್ದರೆ? ಬಹುಶಃ ಅವರು ಒಪ್ಪುತ್ತಿದ್ದರು, ಅಥವಾ 50 ಕೇಳುತ್ತಿದ್ದರು. ಹಾಗೆ ಹೇಳಿ ವ್ಯಾಪಾರ ಮಾಡುವ ಬ್ರೋಕರ್‌ಗಳು ನಮ್ಮಲ್ಲಿ ಇದ್ದಾರೆ, ಅವರಿಗೆ ವರ್ಷಾನುಗಟ್ಟಲೆ ಕೆಲಸವೂ ಇದೆ. ಕ್ಲಾಸಿನಲ್ಲಿ ಮಾತ್ರ ಮಾಲೀಕನಿಗೆ ಕೊಳ್ಳುವವನ ನಂಬರ್ ಸಿಗದ ಹಾಗೆ ನೋಡಿಕೊಳ್ಳಿ, ಕೊಳ್ಳುವವನಿಗೆ ಮಾಲೀಕನ ನಂಬರ್ ಸಿಗದ ಹಾಗೆ ನೋಡಿಕೊಳ್ಳಿ ಅಂತ ಹೇಳಿಕೊಡುತ್ತಾರಂತೆ. ನಮ್ಮ ಊರುಗಳಲ್ಲಿ ಅದು ನಡೆಯುವ ಮಾತಾ? ಟೀ ಅಂಗಡಿಯಲ್ಲಿ ಕೇಳಿದರೆ ಸರ್ವೆ ನಂಬರ್ ಸಮೇತ ಹೇಳುತ್ತಾರೆ.

ದುಡ್ಡಿನ ವಿಷಯದಲ್ಲಿ ಎರಡೇ ಮಾತು. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ಮುಂಗಡವನ್ನು ನಗದಾಗಿ ತೆಗೆದುಕೊಳ್ಳುವ ಹಾಗಿಲ್ಲ. ತೆಗೆದುಕೊಂಡವರಿಗೆ ಆದಾಯ ತೆರಿಗೆಯವರು ಅಷ್ಟೇ ಮೊತ್ತದ ದಂಡ ಹಾಕಬಹುದು. ಚೆಕ್ಕು ಅಥವಾ ಬ್ಯಾಂಕ್ ಮೂಲಕವೇ ಕೊಡಿ, ನಿಮಗೂ ಸಾಕ್ಷಿ. ಇನ್ನು ಮುಂಗಡಕ್ಕೆ ಅಪ್ಪನ ಪಿಎಫ್ ತೆಗೆಯೋದು, ಅಮ್ಮನ ಸರ ಅಡ ಇಡೋದು, ಆ್ಯಪಲ್ಲಿ ಸಾಲ ಮಾಡೋದು ಖಂಡಿತ ಬೇಡ. ಅವಧಿಯೊಳಗೆ ಪಾರ್ಟಿ ಸಿಗದಿದ್ದರೆ ಮುಂಗಡ ವಾಪಸ್ ಬರುತ್ತಾ, ಎಷ್ಟು ಬರುತ್ತೆ, ಯಾವಾಗ ಬರುತ್ತೆ ಅನ್ನೋ ಷರತ್ತು ಕರಾರಿನಲ್ಲಿ ಇರಬೇಕು. ಬಂದವರೆಲ್ಲ ಅವಧಿ ಎಷ್ಟು ಅಂತ ಕೇಳುತ್ತಾರೆ, ಇದನ್ನು ಕೇಳುವವರು ಕಡಿಮೆ.

ಹಾಗಾದರೆ ಶುರು ಮಾಡೋದು ಹೇಗೆ? ನನ್ನನ್ನು ಕೇಳಿದರೆ, ಮೊದಲು ಕಮಿಷನ್ ಮೇಲೆ ಕೆಲಸ ಮಾಡಿ. ಒಂದು ಪರ್ಸೆಂಟೋ ಎರಡೋ, ಎರಡೂ ಕಡೆ ಹೇಳಿಯೇ ತೆಗೆದುಕೊಳ್ಳಿ. ನಿಮ್ಮ ದುಡ್ಡು ಸಿಕ್ಕಿಹಾಕಿಕೊಳ್ಳುವುದಿಲ್ಲ, ಕೆಲಸ ಪೂರ್ತಿ ಕಲಿಯುತ್ತೀರಿ. ಒಂದೇ ಹೋಬಳಿ ಹಿಡಿದುಕೊಳ್ಳಿ, ಇಡೀ ಬೆಂಗಳೂರು ಗ್ರಾಮಾಂತರ ನನ್ನದು ಅನ್ನಬೇಡಿ. ಆ ಹೋಬಳಿಯಲ್ಲಿ ಯಾವ ಸರ್ವೆ ನಂಬರಿಗೆ ದಾರಿ ಇಲ್ಲ, ಯಾವುದು ಮಾಸ್ಟರ್ ಪ್ಲ್ಯಾನ್‌ನಲ್ಲಿ ಹಳದಿ ಝೋನ್ (ಮನೆಗಳಿಗೆ ಬಿಟ್ಟ ಜಾಗ), ಯಾವುದು ಹಸಿರು (ಕೃಷಿಗೆ ಬಿಟ್ಟಿದ್ದು) ಅಂತ ಬಾಯಿಪಾಠ ಬರಬೇಕು. ಪೋಡಿ ಆಗದ, ಅಂದರೆ ಅಳತೆ ಮಾಡಿ ಪಾಲು ಬೇರೆ ಮಾಡದ ಜಮೀನು ಅಂದರೆ ಏನು ಅಂತ ಸರ್ವೆಯರ್ ಜೊತೆ ಬಿಸಿಲಲ್ಲಿ ನಡೆದು ಚೈನ್ ಹಿಡಿದರೆ ಗೊತ್ತಾಗುತ್ತೆ. ಇಸಿ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಆನ್‌ಲೈನ್ ಸಿಗುತ್ತೆ, 2004ಕ್ಕಿಂತ ಹಿಂದಿನದಕ್ಕೆ ಆಫೀಸಿನ ಹಳೇ ಪುಸ್ತಕ ತೆಗೆಸಬೇಕು. ತೆಗೆಸಿ. ಪಟ್ಟಣದ ಸೈಟಾದರೆ ಇ-ಖಾತೆ (ಸ್ಥಳೀಯ ಸಂಸ್ಥೆಯ ಡಿಜಿಟಲ್ ಖಾತೆ) ಇಲ್ಲದೆ ಈಗ ರಿಜಿಸ್ಟ್ರೇಷನ್ನೇ ಮುಂದೆ ಹೋಗಲ್ಲ, ಅದನ್ನು ಮೊದಲೇ ಕೇಳಿ. ಲೇಔಟ್ ಸೈಟು, ಹೊಸ ಫ್ಲ್ಯಾಟು ಮಾರಿಸುವ ಯೋಚನೆ ಇದ್ದರೆ ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ಏಜೆಂಟ್ ಅಂತ ನೋಂದಣಿ ಮಾಡಿಸಿಕೊಳ್ಳಿ. ಇಲ್ಲದೆ ಮಾಡಿದರೆ ದಿನಕ್ಕೆ 10 ಸಾವಿರದ ಲೆಕ್ಕದಲ್ಲಿ ದಂಡ ಬೆಳೆಯುತ್ತೆ.

ಇಷ್ಟು ಮಾಡಿ, ಒಂದಷ್ಟು ಕ್ರಯ ಕಣ್ಣಾರೆ ನೋಡಿದ ಮೇಲೆ, ಈ ಜಾಗದ ಕಾಗದ ಶುದ್ಧ ಇದೆ, ಪಾರ್ಟಿಯೂ ಗೊತ್ತಿದ್ದಾನೆ ಅಂತ ಆದಾಗ ಕರಾರು ಹಾಕಿ. ರಿಜಿಸ್ಟರ್ ಮಾಡಿಸಿ. ವಕೀಲರಿಗೆ ತೋರಿಸಿ, ಅವರ ಫೀಸಿಗೆ ಜಿಪುಣತನ ಮಾಡಬೇಡಿ. ನನ್ನಂಥ ಪತ್ರ ಬರಹಗಾರ ಹೇಳಿದ್ದನ್ನು ಬರೆಯುತ್ತಾನೆ, ಹಕ್ಕು ಸರಿ ಇದೆಯಾ ಅಂತ ಹೇಳೋದು ನನ್ನ ಕೆಲಸ ಅಲ್ಲ.

ಕೊನೆಯದಾಗಿ ನಿಮ್ಮಲ್ಲಿ ಒಂದು ವಿನಂತಿ ಸಂಪಾದಕರೇ. ಬಂಡವಾಳ ಇಲ್ಲದೆ ರಿಯಲ್ ಎಸ್ಟೇಟಲ್ಲಿ ತಿಂಗಳಿಗೆ ಲಕ್ಷ ದುಡಿಯಿರಿ ಅನ್ನೋ ಜಾಹೀರಾತುಗಳು ಪತ್ರಿಕೆಗಳಲ್ಲೂ ಬರುತ್ತಿವೆ. ಅವನ್ನು ನಿಲ್ಲಿಸಿ ಅಂದರೆ ನಿಮಗೆ ಕಷ್ಟ, ಗೊತ್ತು. ವಾರಕ್ಕೊಮ್ಮೆ ಬರುವ ನಿಮ್ಮ ಆಸ್ತಿಪಾಸ್ತಿ ಪುಟದಲ್ಲಿ ಅಪಾರ್ಟ್‌ಮೆಂಟುಗಳ ಬಣ್ಣದ ಫೋಟೋ ಸ್ವಲ್ಪ ಚಿಕ್ಕದು ಮಾಡಿ, ಒಂದು ಪಹಣಿಯನ್ನೂ ಒಂದು ಇಸಿಯನ್ನೂ ದೊಡ್ಡದಾಗಿ ಛಾಪಿಸಿ, ಯಾವ ಕಾಲಂನಲ್ಲಿ ಏನು ನೋಡಬೇಕು ಅಂತ ಬಾಣದ ಗುರುತು ಹಾಕಿ ತೋರಿಸಿದರೆ ಸಾಕು. ಕತ್ತರಿಸಿ ನನ್ನ ಟೇಬಲ್ ಗಾಜಿನ ಕೆಳಗೆ ಇಟ್ಟುಕೊಳ್ಳುತ್ತೇನೆ.

— ಒಬ್ಬ ಪತ್ರ ಬರಹಗಾರ, ದೊಡ್ಡಬಳ್ಳಾಪುರ